ಕೊನೆಯ ಸ್ಟಾಪಿನ ಹುಲ್ಲುಗಾವಲು

"ಸ್ವಲ್ಪ ಎಡಕ್ಕೆ ತಗೊಳ್ಳಿ, ಗೇಟಿಗೆ ತಾಗುತ್ತೆ," ಎಂದು ಕಂಡಕ್ಟರ್ ಮುಂದೆ ನಿಂತು ದಾರಿ ತೋರಿಸಿದ. ಇಪ್ಪತ್ತಾರು ವರ್ಷ ಒಂದೇ ರೂಟಿನಲ್ಲಿ ಬಸ್ಸೋಡಿಸಿದ ಡ್ರೈವರ್ ನಾಲ್ವರ ಹೆಗಲ ಮೇಲೆ ಮನೆಯಿಂದ ಹೊರಟ.

ಮಣ್ಣು ಮಾಡಿ ಬಂದ ಮೇಲೆ, ಕೊನೆಯ ಸ್ಟಾಪಿನ ಹಳ್ಳಿಯಿಂದ ಬಂದಿದ್ದ ಕುರಿ ಕಾಯುವ ಹೆಂಗಸು ಅವನ ಹೆಂಡತಿಯ ಕೈ ಹಿಡಿದುಕೊಂಡಳು.

"ನಿಮ್ಮನ್ನ ನೋಡಿರ್ಲಿಲ್ಲ ಅಷ್ಟೇ, ಅಕ್ಕಾ. ನಿಮ್ಮ ಕೈರುಚಿ ಹೊಸದಲ್ಲ."

"ನನ್ನ ಕೈರುಚಿ ನಿನಗೆ ಹೇಗೆ ಗೊತ್ತು?"

"ಮಧ್ಯಾಹ್ನ ಬಸ್ಸು ನಿಂತಾಗ ಹುಲ್ಲುಗಾವಲಲ್ಲಿ ಒಟ್ಟಿಗೇ ಊಟ ಮಾಡ್ತಿದ್ವಲ್ಲ. ನನಗೂ ಸೇರಿಸಿ ತರ್ತಿದ್ರು. ಉಪ್ಪು ಒಂದು ಚೂರು ಮುಂದಿರ್ತಿತ್ತು."

ಹೆಂಡತಿ ಕೈ ಬಿಡಿಸಿಕೊಂಡಳು. ಉಪ್ಪಂತೆ ಉಪ್ಪು.

"ಊಟ ಅಷ್ಟೇನಾ?"

"ಇನ್ನೇನಿರುತ್ತೆ ಅಕ್ಕಾ? ಮಾತಾಡ್ತಾ ಕೂತಿರ್ತಿದ್ವಿ."

ಮನೆಯಲ್ಲಿ ಆ ಮನುಷ್ಯನ ಬಾಯಿಂದ ನಾಲ್ಕು ಮಾತು ಹೊರಡಿಸಬೇಕಾದರೆ ಸಾಕುಸಾಕಾಗುತ್ತಿತ್ತು.

*

"ಕಡಲಂಚಿನ ಹುಲ್ಲುಗಾವಲು ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರಂತೆ. ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ," ಎಂದು ಅವಳು ಗಂಡನನ್ನು ಎಷ್ಟು ಸಲ ಕೇಳಿರಲಿಲ್ಲ!

"ಬರೀ ಹುಲ್ಲು, ಗಾಳಿ. ನಿನಗೆ ತಲೆನೋವು ಬರುತ್ತೆ. ಊಟ ಮಾತ್ರ ಜಾಸ್ತಿ ಕಟ್ಟು, ಆ ಗಾಳಿಗೆ ಹಸಿವು ಜಾಸ್ತಿ."

ಅವಳು ದೊಡ್ಡ ಡಬ್ಬಿ ಕೊಂಡಳು. ಗಂಡನ ಹಸಿವಿನ ಬಗ್ಗೆ ನೆರೆಮನೆಯವರ ಮುಂದೆ ಜಂಬವನ್ನೂ ಕೊಚ್ಚಿಕೊಂಡಳು. ಅಷ್ಟು ತಿಂದೂ ಆತ ಕಡ್ಡಿಯಂತೆಯೇ ಇದ್ದಾನಲ್ಲ ಎಂದು ಅವಳಿಗೆ ಒಮ್ಮೆಯೂ ಹೊಳೆಯಲಿಲ್ಲ.

*

ಹಳ್ಳಿಯವರನ್ನು ವಾಪಸ್ ಬಿಡಲು ಬಸ್ಸು ಹೊರಟಾಗ ಹೆಂಡತಿಯೂ ಹತ್ತಿ ಕೂತಳು.

"ಇವತ್ತೇ ಹೋಗ್ಬೇಕಾ ಅತ್ತಿಗೆ? ಜನ ಏನಂದಾರು?" ಎಂದಳು ನಾದಿನಿ.

"ಏನಾದ್ರೂ ಅಂದ್ಕೊಳ್ಳಲಿ. ನಾನು ನೋಡ್ಬೇಕು."

ಕೊನೆಯ ಸ್ಟಾಪಿನಿಂದ ಹುಲ್ಲು ಇಳಿಜಾರಿನುದ್ದಕ್ಕೂ ಹಬ್ಬಿ ಕಡಲಿಗೆ ಮುಟ್ಟಿತ್ತು. ಗಾಳಿ ಜೋರಾಗಿಯೇ ಇತ್ತು. ತಲೆನೋವು ಮಾತ್ರ ಬರಲಿಲ್ಲ, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಕುರಿಯವಳು ಮುಂದೆ ನಡೆದು ತೋರಿಸಿದಳು. ಕಡಲಿಗೆ ಮುಖ ಮಾಡಿದ ದಿಬ್ಬದ ಮೇಲೆ ಹುಲ್ಲು ಸವೆದು ಮಣ್ಣು ಕಾಣುತ್ತಿದ್ದ ಎರಡು ಜಾಗಗಳಿದ್ದವು, ಅಕ್ಕಪಕ್ಕದಲ್ಲಿ.

"ನಿಂದು ಯಾವುದು?"

"ಎಡಗಡೆದು, ಅಕ್ಕಾ."

ಹೆಂಡತಿ ಎಡಗಡೆಯ ಜಾಗದಲ್ಲಿ ಕಾಲು ಚಾಚಿ ಕೂತಳು. ಕುರಿಯವಳು ಸ್ವಲ್ಪ ಹೊತ್ತು ನಿಂತೇ ಇದ್ದು, ಬಳಿಕ ಬಲಗಡೆಯ ಜಾಗದತ್ತ ಹೆಜ್ಜೆ ಇಟ್ಟಳು. ಹೆಂಡತಿ ಬೆಳಗಿನಿಂದ ಕಣ್ಣೊರೆಸಿ ಒದ್ದೆಯಾಗಿದ್ದ ಕರ್ಚೀಫನ್ನು, ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ, ಅಲ್ಲಿ ಹಾಸಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಟ್ಟಳು.