ಹುಣ್ಣಿನ ಮೇಲಿಟ್ಟ ಚಿಟಿಕೆ

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ, ಊರಿಗೊಂದು ಕುರ್ಚಿ ಕಾರ್ಖಾನೆ, ಕಾರ್ಖಾನೆಗೊಂದು ಉಜ್ಜುವ ಶೆಡ್ಡು. ಲೋಕದ ಜನವೆಲ್ಲ ಕೂರುವ ಕುರ್ಚಿಗಳ ಕಾಲುಗಳನ್ನು ಅಲ್ಲಿ ಹೆಂಗಸರು ನೆಲದ ಮೇಲೆ ಕೂತು ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ ನುಣುಪು ಮಾಡುತ್ತಿದ್ದರಂತೆ. ಆ ಕಾಲ ತೀರಾ ಹಿಂದಿನದೇನಲ್ಲ. ನಿನ್ನೆಯದು ಅಂದರೂ ನಡೆಯುತ್ತದೆ.

"ಬಾಯಿ ಮುಚ್ಕೊಂಡು ಉಜ್ರೇ, ದರಿದ್ರ ಮುಂಡೇವಾ! ನಾಲಿಗೆ ಆಡಿದ್ರೆ ಕೈ ನಿಲ್ಲುತ್ತೆ!" ಎಂದು ಮೇಸ್ತ್ರಿ ಕೂಗಿದ. ಕೂಗುತ್ತಲೇ ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ.

ಹೊತ್ತು ನೆತ್ತಿಗೆ ಬಂದಾಗ ಆ ಡಬ್ಬಿ ಹೊರಬರುವುದು ಶೆಡ್ಡಿನ ಪದ್ಧತಿ. ಊಟಕ್ಕೆ ಬಿಡುವಿಲ್ಲ. ಅದರ ಬದಲು ತಲೆಗೊಂದು ಚಿಟಿಕೆ ಹೊಗೆಸೊಪ್ಪು, ಸಾಹುಕಾರರ ಕಡೆಯಿಂದ, ಪುಕ್ಕಟೆ. ದವಡೆಯ ಸಂದಿಗೆ ಒತ್ತರಿಸಿಕೊಂಡರೆ ಹಸಿವು ಮಲಗುತ್ತದೆ, ಬಾಯಿಯೂ ಸುಮ್ಮನಾಗುತ್ತದೆ. ಉಗಿಯುವಂತಿಲ್ಲ, ಮರಕ್ಕೆ ಕಲೆಯಾದೀತು. ನುಂಗಬೇಕು. ಮರದ ಧೂಳು ಗಂಟಲಿಗೆ ಇಳಿಯದಂತೆ ಆ ರಸವೇ ತಡೆಯುತ್ತದೆ ಎಂದು ಹೆಂಗಸರು ನಂಬಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡು ನಂಬಿದ್ದರು.

ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ತನ್ನ ಪಾಲಿಗೆ ಅಂಗೈ ಚಾಚಿದಳು. ಅವಳ ಪಕ್ಕದ ಜಾಗ ಖಾಲಿಯಿತ್ತು. ಅದು ಅವಳ ಅವ್ವನ ಜಾಗ.

"ಎಲ್ಲಿ ನಿಮ್ಮವ್ವ? ಇನ್ನೂ ಹಲ್ಲುನೋವಾ? ಬರ್ದಿದ್ರೆ ಆ ಜಾಗಕ್ಕೆ ಒಂದು ಕತ್ತೆ ತಂದು ಕಟ್ತೀನಿ ನೋಡು."

"ಕತ್ತೆ ಕಟ್ಟಿದ್ರೆ ಅದಕ್ಕೆ ಮಧ್ಯಾಹ್ನ ಹುಲ್ಲು ಹಾಕ್ಬೇಕಾಗುತ್ತೆ ಮೇಸ್ತ್ರಿ," ಎಂದಳು ಮೂಲೆಯಿಂದ ಬೊಚ್ಚಜ್ಜಿ. ಹಲ್ಲೆಲ್ಲ ಉದುರಿದರೂ ನಾಲಿಗೆ ಉದುರದ ಮುದುಕಿ. "ನಾವೇ ಅಗ್ಗ ಬಿಡಿ."

ಶೆಡ್ಡೆಲ್ಲ ಕಿಸಕ್ಕೆಂದಿತು. ಗುಬ್ಬಿಗೆ ನಗು ಬರಲಿಲ್ಲ. ಅವಳ ಗಂಟಲಲ್ಲಿ ಒಂದು ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಅದು ಸಿಕ್ಕಿಕೊಂಡದ್ದು ಕಳೆದ ವಾರ, ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ. ದೊಡ್ಡ ಡಾಕ್ಟರು, ಡಾಕ್ಟರಿಕೆ ಕಲಿಯುವ ಹುಡುಗ ಹುಡುಗಿಯರನ್ನು ಮಂಚದ ಸುತ್ತ ನಿಲ್ಲಿಸಿಕೊಂಡಿದ್ದರು.

"ನಾನು ಹೇಳ್ತಿರ್ತೀನಲ್ಲ, ಬಾಯಿ ಗಂಟಲಿನ ಕ್ಯಾನ್ಸರ್ ಅಂತ ಬರೋರು ಹೇಗಿರ್ತಾರೆ ಅಂತ. ಇಗೋ, ಹೀಗೇ. ಬಡತನ, ಓದಿಲ್ಲ, ಹುಳುಕು ಹಲ್ಲು, ಹೊಗೆಸೊಪ್ಪು. ಬರೋದು ಎಲ್ಲ ಮುಗಿದ ಮೇಲೆ." ದನದ ಹಲ್ಲು ನೋಡುವವರಂತೆ ಅವ್ವನ ಗದ್ದ ಹಿಡಿದು, ಊದಿ ಒಡೆಯುವಂತಿದ್ದ ಕೆನ್ನೆಯನ್ನು ಬೆಳಕಿಗೆ ತಿರುಗಿಸಿದರು. "ಬಾಯಿ ತೆಗಿ. ಇನ್ನೂ ತೆಗಿ. ನೋಡಿ, ಒಂದು ಬೆರಳೂ ಹೋಗಲ್ಲ. ಕುಡೀತೀಯಾ?"

ಅವ್ವ ಇಲ್ಲವೆಂದು ತಲೆಯಾಡಿಸಿದಳು.

"ಸೇದ್ತೀಯಾ? ಅದೂ ಇಲ್ವಾ? ಮತ್ತೆ ಈ ಚಟ ಯಾಕಮ್ಮ ಹತ್ತಿಸ್ಕೊಂಡೆ?"

"ಚಟ ಅಲ್ಲ ಸಾರ್," ಎಂದಳು ಗುಬ್ಬಿ. "ಮೇಸ್ತ್ರಿ ಕೊಡ್ತಾರೆ. ಊಟಕ್ಕೆ ಬಿಡಲ್ಲ, ಅದಕ್ಕೆ..."

"ಮೇಸ್ತ್ರಿ ವಿಷ ಕೊಟ್ರೂ ತಿಂತೀರಾ?"

ಕಲಿಯುವವರು ನಕ್ಕರು.

"ಮೊದಲು ಬಿಳೀ ಕಲೆ ಬಂದಿರುತ್ತಲ್ಲ, ಆಗ ಏನ್ ಮಾಡ್ದೆ?"

ಅವ್ವ ಮಗಳ ಕಡೆ ತಿರುಗಿದಳು. ಗುಬ್ಬಿಯೇ ಹೇಳಿದಳು: "ಉರೀತಿತ್ತಂತೆ ಸಾರ್. ಸೊಪ್ಪನ್ನ ಅದರ ಮೇಲೇ ಇಟ್ಕೊಂಡ್ರೆ ಜೋಮು ಹಿಡಿದು ಉರಿ ಗೊತ್ತಾಗ್ತಿರ್ಲಿಲ್ಲ. ಮದ್ದು ಅಂತ ಅಲ್ಲೇ ಇಟ್ಕೋತಿದ್ಲು. ನಮ್ಮಲ್ಲಿ ಎಲ್ರೂ ಹಂಗೇ ಮಾಡೋದು."

ಈ ಸಲ ಯಾರೂ ನಗಲಿಲ್ಲ. ಡಾಕ್ಟರು ಕೈ ತೊಳೆಯಲು ನಲ್ಲಿಯ ಕಡೆ ನಡೆದರು. "ಕೊಯ್ದು ತೆಗೆಯೋ ಹಂತ ದಾಟಿದೆ. ನೋವಿಗೆ ಮಾತ್ರೆ ಕೊಡ್ತಾರೆ, ಮನೆಗೆ ಕರ್ಕೊಂಡು ಹೋಗು," ಎಂದರು, ಬೆನ್ನು ತಿರುಗಿಸಿಕೊಂಡೇ.

ಮನೆ ಎಂದರೆ ಒಂದೇ ಕೋಣೆ, ಒಂದೇ ಕಿಟಕಿ. ಅಂದು ಸಂಜೆ ಅವ್ವ ಮಗಳ ತಲೆಯನ್ನು ತನ್ನ ತುಟಿಯ ಹತ್ತಿರಕ್ಕೆ ಎಳೆದುಕೊಂಡಳು. ಕಚ್ಚಿ ಹಿಡಿದ ಹಲ್ಲುಗಳ ನಡುವೆ ಮಾತು ಜರಡಿಯ ಹಿಟ್ಟಿನಂತೆ ಉದುರಿತು.

"ಶೆಡ್ಡಿನೋರಿಗೆ... ಹೇಳೇ. ಹುಣ್ಣಿನ ಮೇಲೆ... ಇಡ್ಬೇಡಿ ಅನ್ನು."

"ಹೇಳ್ತೀನವ್ವ."

"ಎಲ್ರಿಗೂ."

"ಎಲ್ರಿಗೂ ಹೇಳ್ತೀನಿ, ನಿನ್ನಾಣೆ."

ಚಿಕ್ಕಂದಿನಲ್ಲಿ ಗುಬ್ಬಿಗೆ ಅವಳ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಮಾತು ಕೊಟ್ಟವರು ಏಳು ಕಡಲು ದಾಟಿಯಾದರೂ ಉಳಿಸಿಕೊಳ್ಳುತ್ತಿದ್ದರು. ಗುಬ್ಬಿ ದಾಟಬೇಕಿದ್ದದ್ದು ಒಂದು ಶೆಡ್ಡು, ಅಷ್ಟೆ. ಅದೂ ಆಗಲಿಲ್ಲ. ಅವ್ವನ ಮಾತ್ರೆಗೂ ಹಾಲಿಗೂ ಇವಳ ದುಡಿಮೆಯೇ ಗತಿ; ಹೊರಗೆ ಹಾಕಿದರೆ ಮುಂದೇನು? ದಿನಾ ಡಬ್ಬಿ ಹತ್ತಿರ ಬರುವಾಗ ಗಂಟಲು ಸರಿಮಾಡಿಕೊಳ್ಳುವಳು. ಆಮೇಲೆ ಅಂಗೈ ಚಾಚುವಳು, ದವಡೆಗಿಟ್ಟುಕೊಳ್ಳುವಳು, ನುಂಗುವಳು. ಸಂಜೆ ಅವ್ವ ಹುಬ್ಬು ಎತ್ತಿ ಕೇಳಿದರೆ, "ನಾಳೆ ಹೇಳ್ತೀನವ್ವ." ಅವ್ವ ಗೋಡೆಯ ಕಡೆ ಹೊರಳುವಳು.

ಕತ್ತೆ ಕಟ್ಟುವ ಮಾತಾಡಿದ ಮಾರನೆಯ ದಿನ ಮೇಸ್ತ್ರಿ ಡಬ್ಬಿ ತೆಗೆಯುವ ಹೊತ್ತಿಗೆ ಸರಿಯಾಗಿ ಶೆಡ್ಡಿನ ಬಾಗಿಲು ಮಬ್ಬಾಯಿತು. ಅವ್ವ ನಿಂತಿದ್ದಳು. ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಗೋಡೆ ಹಿಡಿದುಕೊಂಡು ಬಂದು, ತನ್ನ ಜಾಗದಲ್ಲಿ ಕೂತು, ಒಂದು ಕುರ್ಚಿಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಓಹೋ, ಬಂದ್ಲಪ್ಪ ಮಹಾರಾಣಿ! ಮುಸುಕು ಬೇರೆ, ಹೊಸ ಮದುವಣಗಿತ್ತಿ ಥರ. ತಗೋ ನಿನ್ನ ಪಾಲು," ಎಂದು ಮೇಸ್ತ್ರಿ ಡಬ್ಬಿ ಚಾಚಿದ.

ಅವ್ವ ಬಟ್ಟೆ ಬಿಚ್ಚಿದಳು.

ಕೆನ್ನೆ ಇರಬೇಕಾದಲ್ಲಿ ತೂತಿತ್ತು. ತೂತಿನೊಳಗೆ ದವಡೆಯ ಹಲ್ಲುಗಳು ಕಾಣುತ್ತಿದ್ದವು. ಹಸಿ ಮರದ ವಾಸನೆಯನ್ನು ಇನ್ನೊಂದು ವಾಸನೆ ನೂಕಿಕೊಂಡು ಬಂತು. ಮೇಸ್ತ್ರಿ ಹಿಂದಕ್ಕೆ ಹಾರಿದ. ಡಬ್ಬಿ ಕೈತಪ್ಪಿ ಮರದ ಹೊಟ್ಟಿನಲ್ಲಿ ಮಗುಚಿತು.

"ಥೂ! ರೋಗ ತಂದು ಇಲ್ಲಿ ಹಂಚ್ತೀಯೇನೇ? ಏಳು, ಹೊರಗೆ ನಡಿ!"

ಅವ್ವ ಏಳಲಿಲ್ಲ. ಅವನ ಕಡೆ ನೋಡಲೂ ಇಲ್ಲ. ಮಗಳನ್ನೇ ನೋಡುತ್ತಿದ್ದಳು.

ಗುಬ್ಬಿ ಎದ್ದು ನಿಂತಳು. ಮೊದಲ ಮಾತು ಒಡೆದು ಹೊರಬಂತು.

"ಇದು... ಇದು ಆ ಡಬ್ಬೀದು. ಹುಣ್ಣಾದ್ರೆ ಅದರ ಮೇಲೆ ಇಟ್ಕೋಬೇಡಿ. ಮದ್ದಲ್ಲ ಅದು. ಧೂಳನ್ನೂ ತಡಿಯಲ್ಲ. ಬಾಯಲ್ಲಿ ಎಲ್ಲೂ ಇಟ್ಕೋಬೇಡಿ."

"ಬೋಳಿಮಗಳೇ, ನಿನ್ನ ಕೆಲಸ ಇವತ್ತಿಗೆ ಮುಗೀತು!"

"ಮುಗೀಲಿ. ಹೇಳಿ ಹೋಗ್ತೀನಿ."

ಅಷ್ಟರಲ್ಲಿ ಪಕ್ಕದ ಗರಗಸದ ಯಂತ್ರ ಚೀರತೊಡಗಿತು. ಆದ್ದರಿಂದ ಅವಳು ಒಬ್ಬೊಬ್ಬಳ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, ಕಿವಿಗೆ ಬಾಯಿಟ್ಟು, ಅದನ್ನೇ ಹೇಳುತ್ತಾ ಹೋದಳು. ಒಬ್ಬಳು ಅತ್ತಳು. ಇನ್ನೊಬ್ಬಳ ಮುಚ್ಚಿದ ಬಾಯಿಯೊಳಗೆ ನಾಲಿಗೆ ಕೆನ್ನೆಯ ಒಂದೇ ಜಾಗವನ್ನು ಮತ್ತೆ ಮತ್ತೆ ತಡವುತ್ತಿತ್ತು. ಮೇಸ್ತ್ರಿ ಸಾಹುಕಾರನನ್ನು ಕರೆಯಲು ಓಡಿದ.

ಬೊಚ್ಚಜ್ಜಿ ಪೂರ್ತಿ ಕೇಳಿಸಿಕೊಂಡಳು. ಕುಹಕವಾಡಲಿಲ್ಲ.

"ಕೇಳಿಸ್ತು ಕಣೇ. ನಿಮ್ಮವ್ವನ್ನ ಕಣ್ಣಾರೆ ಕಂಡೆ. ಆದ್ರೆ ಹೊಟ್ಟೆ ಕೂಗಿದ್ರೆ ಮತ್ತೇನು ಇಟ್ಕೊಳ್ಳೋದೇ ಗುಬ್ಬಿ?"

ಗುಬ್ಬಿ ಎದ್ದು ಬಾಗಿಲ ಕಡೆ ನಡೆದಳು.

ಬಾಗಿಲ ಬಳಿ ಒಬ್ಬಳು ಉಳಿದಿದ್ದಳು, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ತುಂಬು ಬಸುರಿ. ಅವಳು ತಲೆ ಎತ್ತಲಿಲ್ಲ. ಅವಳ ಬೆರಳುಗಳು ಮರದ ಹೊಟ್ಟಿನಲ್ಲಿ ಚೆಲ್ಲಿದ್ದ ಸೊಪ್ಪನ್ನು ಹೆಕ್ಕಿ ಹೆಕ್ಕಿ ಸೆರಗಿನ ತುದಿಗೆ ಹಾಕಿಕೊಳ್ಳುತ್ತಿದ್ದವು. ಗುಬ್ಬಿ ಆ ಕೈಯನ್ನು ತಡೆಯಲಿಲ್ಲ. ಪಕ್ಕದಲ್ಲಿ ಕೂತು, ಅವಳ ಕಿವಿಗೂ ಹೇಳಿ ಮುಗಿಸಿದಳು.