ಸೀಟಿನ ಬೆಲ್ಟಿಗೆ ಕಟ್ಟಿದ ಗಂಟು

ನನ್ನ ತಮ್ಮ ಶಕೀಲ ಹೈದರಾಬಾದಿನಾಗ ಹಳೇ ವಿಮಾನ ಒಡಿಯೋ ಕೆಲಸ ಮಾಡ್ತಾನ. ಕಂಪನಿ ಮುಳುಗಿ, ನಿಲ್ದಾಣದ ಮೂಲ್ಯಾಗ ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ವಿಮಾನ ಅವು. ರೆಕ್ಕಿ ಸಂದ್ಯಾಗ ಪಾರಿವಾಳ ಗೂಡು ಕಟ್ಟ್ಯಾವ.

ಅಂಥಾದ್ದೊಂದರಾಗ ನಮ್ಮವ್ವ ಸುಲ್ತಾನಬಿ ಹಜ್ ಮುಗಿಸಿ ಒಬ್ಬಾಕಿನೇ ಹೈದರಾಬಾದಿಗೆ ಬಂದಿಳಿದು, ನಮ್ಮೂರು ಇಂಡಿಗೆ ಬಂದಿದ್ದಳು. ಅಪ್ಪ ಮಕ್ಕಾದಾಗ ತೀರಿಕೊಂಡು ಅಲ್ಲೇ ಮಣ್ಣಾಗಿದ್ದ. ಹೊರಡುವಾಗ ಅವನ ತೋಳಿಗೆ ಇಮಾಮ್ ಜಾಮಿನ್ ಕಟ್ಟಿದ್ವಿ, ಹಾದ್ಯಾಗ ಕಾಯಲಿ ಅಂತ ಹಸಿರು ಬಟ್ಟ್ಯಾಗ ಗಂಟು ಹಾಕಿದ ಒಂದು ನಾಣ್ಯ. ಹೋದವರು ಮನಿ ಮುಟ್ಟಿದ ಮ್ಯಾಲೆ ಅದನ್ನ ಬಿಚ್ಚಿ ನಾಣ್ಯ ಫಕೀರಗ ಕೊಡಬೇಕು. ಮಣ್ಣು ಮಾಡೋ ಮುಂದ ಅವ್ವ ಅದನ್ನ ಅಪ್ಪನ ತೋಳಿಂದ ತಗೊಂಡಳು, ನಾಣ್ಯದ ಗಂಟು ಮಾತ್ರ ಬಿಚ್ಚಲಿಲ್ಲ. ಬರುವಾಗ ವಿಮಾನದಾಗ ಅಪ್ಪನ ಖಾಲಿ ಸೀಟಿನ ಬೆಲ್ಟಿಗೆ ಅದನ್ನ ಕಟ್ಟಿ ಇಳಿದಳು. ‘ಅವರಿನ್ನೂ ಹಾದ್ಯಾಗ ಅದಾರ’ ಅಂತಿದ್ದಳು.

ಮೊನ್ನೆ ಶಕೀಲ, ಆ ವಿಮಾನ ಒಡಿಯುವಾಗ ಗಂಟು ಸಿಕ್ಕಿತಂತ ನಗುನಗುತ್ತ ಬಂದ. ಅವ್ವನ ಕೈಯಾಗ ಬರೀ ಬಟ್ಟಿ ಇಟ್ಟ.

‘ನಾಣ್ಯ ಎಲ್ಲಿ ಐತೋ?’ ಅಂದೆ.

‘ಬಸ್ ಸ್ಟ್ಯಾಂಡಿನಾಗ ಫಕೀರಗ ಕೊಟ್ಟೆ ಅಕ್ಕಾ. ಪದ್ಧತಿ ಅಲ್ಲೇನು?’

ಆ ಮೂರ್ಖನ ಕಪಾಳಕ್ಕ ಬಾರಿಸಬೇಕು ಅನ್ನಿಸ್ತು.

‘ಹಂಗಾರ ಮನಿ ಮುಟ್ಟಿದರು,’ ಅಂದು ಅವ್ವ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮ್ಯಾಲೆ, ಹೆಣ ಮುಂದ ಇಟ್ಕೊಂಡವರು ಅತ್ತಂಗ ಅತ್ತಳು.