ಭಾಗವ್ವನಿಗೆ ಬೇಳೆ ಬಂದ್

ಬನಹಟ್ಟಿಯ ಗಿರಿಮಲ್ಲಪ್ಪನಿಗೆ ಎಂಟು ಪವರ್‌ಲೂಮ್ ನಡೆಸಿದವನೆಂಬ ಗತ್ತು. ಕೆಟ್ಟದ್ದೆಲ್ಲ ರಿಪೇರಿ ಆಗೇ ಆಗುತ್ತದೆ ಎಂದು ನಂಬಿದ ಆಸಾಮಿ. ಆದರೆ ಹೆಂಡತಿ ಭಾಗವ್ವನಿಗೆ ಅಲ್ಝೈಮರ್ ಎಂದು ಡಾಕ್ಟರು ಹೇಳಿದ ದಿನದಿಂದ ಅವನಿಗೆ ಒಂದೇ ಭಯ: ಇವಳು ನನ್ನನ್ನೂ ಮರೆತುಬಿಟ್ಟರೆ?

ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ತಮ್ಮನ ಮಗಳು ಮಧುಮತಿ ಬಂದು ತಿಳಿಸಿ ಹೇಳಿದಳು. "ದೊಡ್ಡಪ್ಪಾ, ಜೀವಕೋಶದಾಗ ಕೆಟ್ಟ ಪ್ರೋಟೀನ ಕತ್ತರಿಸಿ ಒಗಿಯೋ ಯಂತ್ರದಂಥಾದ್ದು ಇರತೈತಿ. ಈ ರೋಗದಾಗ ಅದು ಸುಸ್ತ ಬೀಳತೈತಿ. ಕಸ ಹಂಗ ಉಳದು ಮಿದುಳಾಗ ಗಂಟ ಕಟ್ಟತೈತಿ."

ಗಿರಿಮಲ್ಲಪ್ಪನಿಗೆ ಥಟ್ಟನೆ ತಿಳಿಯಿತು, ಅದೇ ಕೆಟ್ಟದ್ದಾಯಿತು. ಮಗ್ಗದ ಕೆಳಗಿನ ಹತ್ತಿಯ ಧೂಳು ಗುಡಿಸುವವಳು ರಜೆ ಹಾಕಿದರೆ ಅವನು ಮಗ್ಗವನ್ನೇ ಬಂದ್ ಇಡುತ್ತಿದ್ದ. ನೂಲೇ ಓಡದಿದ್ದರೆ ಧೂಳೆಲ್ಲಿಂದ ಬಂದೀತು? ಪ್ರೋಟೀನೇ ಹೊಟ್ಟೆಗೆ ಹೋಗದಿದ್ದರೆ ಕಸವೆಲ್ಲಿಂದ ಬಂದೀತು? ಮಧುಮತಿಯ ಬಸ್ಸು ಊರು ದಾಟುವುದರೊಳಗೆ ಮನೆಯ ಬೇಳೆ, ಮೊಸರು, ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಎಲ್ಲವೂ ಕಪಾಟಿನೊಳಗೆ ಸೇರಿ ಬೀಗ ಬಿತ್ತು.

ಅಯ್ಯೋ ಮಹಾರಾಯ! ನಿನ್ನೆ ಬಂದವರನ್ನು ಇಂದು ಮರೆಯುವ ಭಾಗವ್ವ ಹಿಂಡಿಯನ್ನು ಮಾತ್ರ ಮರೆಯಲೊಲ್ಲಳು. "ಬರೇ ರೊಟ್ಟಿ ತಿನ್ನಾಕ ನಾ ಏನ್ ಪಾಪ ಮಾಡೇನಿ?" ಎಂದು ಹೊತ್ತುಹೊತ್ತಿಗೂ ತಾಟು ಸರಿಸಿದಳು. ನಾಲ್ಕನೆಯ ದಿನ ಎದ್ದು ನಿಲ್ಲಲೂ ತ್ರಾಣವಿಲ್ಲ.

ಗಾಬರಿಬಿದ್ದು ಫೋನ್ ಮಾಡಿದರೆ ಮಧುಮತಿ ಕಿಡಿಕಿಡಿಯಾದಳು. "ಬುದ್ಧಿ ಐತೇನ್ರಿ ನಿಮಗ? ಅದು ಮಿದುಳಾಗ ಹುಟ್ಟೋ ಪ್ರೋಟೀನ, ಊಟದ್ದಲ್ಲ! ಮೊದಲ ದೊಡ್ಡವ್ವಗ ಉಣ್ಣಾಕ ಹಾಕ್ರಿ!"

"ತಪ್ಪಾತವ್ವಾ," ಎಂದು ಅವನು ಬೀಗ ತೆಗೆದ. ರೊಟ್ಟಿ ಮುರಿದು, ಹಿಂಡಿಗೆ ಮೊಸರು ಕಲಸಿ, ಕೈಯಾರೆ ಉಣಿಸಿದ. ಅವಳು ಚಪ್ಪರಿಸಿ ತಿಂದಳು. ಅವಳ ಮುಖದಲ್ಲಿ ಕಳೆ ಬಂದದ್ದು ಕಂಡು ಧೈರ್ಯ ಮಾಡಿ ಕೇಳಿಯೇಬಿಟ್ಟ: "ನಾ ಯಾರು, ಹೇಳ ನೋಡೂಣು?"

ಭಾಗವ್ವ ಅವನನ್ನೇ ದಿಟ್ಟಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಯಾರೋ ಪುಣ್ಯಾತ್ಮರು, ಛಲೋ ಉಣಿಸಿದ್ರಿ," ಎಂದು ತಾಟನ್ನು ಮುಚ್ಚಿಟ್ಟಳು. "ಉಳದದ್ದು ನಮ್ಮನಿಯವ್ರಿಗೆ ಇರ್ಲಿರಿ. ಮಗ್ಗದಿಂದ ಹಸಕೊಂಡ ಬರ್ತಾರ."

ಗಿರಿಮಲ್ಲಪ್ಪನಿಗೆ ದುಃಖ ಉಕ್ಕಿಬಂತು. ಅಂಗಳಕ್ಕೆ ಹೋಗಿ ಕಣ್ಣೊರೆಸಿಕೊಂಡ. ಚಪ್ಪಲಿ ಮೆಟ್ಟಿ, ಸಪ್ಪಳ ಮಾಡುತ್ತ ತಿರುಗಿ ಬಾಗಿಲಿಗೆ ಬಂದ. "ಹೊಟ್ಟಿ ಹಸದೈತಿ, ಊಟಕ್ಕ ಹಾಕ!"

"ಇಷ್ಟೊತ್ತನಕಾ ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಗದರಿಸಿ, ಭಾಗವ್ವ ತಾಟನ್ನು ಅವನ ಮುಂದೆ ನೂಕಿದಳು.